ಗೆರೆಯ ಪಕ್ಕದವನು

ನಾನು ಆಡಿದವನಲ್ಲ. ಗೆರೆಯ ಪಕ್ಕ ಓಡಿದವನು.
ವಾರಕ್ಕೆ ಆರು ದಿನ ಶಾಂತಿನಗರದ ಡಿಪೋದಲ್ಲಿ
ಬಸ್ಸಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ,
ಏಳನೆಯ ದಿನ ಕರಿ ಚಡ್ಡಿ ತೊಟ್ಟು, ಬಾವುಟ ಹಿಡಿದು,
ನಾನೂರು ರೂಪಾಯಿಗೆ ತೊಂಬತ್ತು ನಿಮಿಷ
ಅಡ್ಡಡ್ಡ ಓಡುವವನು, ಏಡಿಯ ಹಾಗೆ.

ಅವತ್ತು ಫೈನಲ್. ಸಿ ಡಿವಿಷನ್ನಿನದು.
ಪೇಪರಿನಲ್ಲಿ ಬರುವುದಿಲ್ಲ. ಬಂದರೂ
ಶ್ರದ್ಧಾಂಜಲಿಯ ಕೆಳಗೆ ಒಂದೂವರೆ ಸಾಲು,
ಹೆಸರುಗಳ ಕಾಗುಣಿತ ತಪ್ಪಿ.
ಆದರೆ ಗೌತಮಪುರದಲ್ಲಿ, ಭಾನುವಾರವಾದರೂ,
ಮಟನ್ ಅಂಗಡಿ ಹನ್ನೆರಡಕ್ಕೇ ಷಟರ್ ಎಳೆಯಿತು,
ಪಾದ್ರಿ ಸಂಜೆಯ ಪೂಜೆಯನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದರು,
ಆಟೊಗಳ ಕೊರಳಿಗೆಲ್ಲ ಹಸಿರು ಬಟ್ಟೆ,
ಒಂದು ನಾಯಿಗೂ.

ಕಪ್ಪು ಸಣ್ಣದು. ಯಾವ ಕಾಲದ್ದೋ.
ದಂಡಿನಲ್ಲಿದ್ದ ಸ್ಕಾಟ್ಲೆಂಡಿನ ಪಲ್ಟನ್ ಬಿಟ್ಟುಹೋದದ್ದಂತೆ.
ಒಂದು ಕಿವಿ ಬೆಸುಗೆ ಹಾಕಿದ್ದು. ಹೊಟ್ಟೆಯ ಮೇಲೆ
ಮುಳ್ಳಿನ ಹೂವೊಂದು ಕೊರೆದಿದೆ,
ಬದನೆ ಎನ್ನುತ್ತಾರೆ ಹುಡುಗರು:
'ಬದ್ನೇಕಾಯ್ ಕಪ್ಪು ಈ ಸಲ ನಮ್ದೇ.'
ಯಾವ ಚಳಿಯ ಊರಲ್ಲಿ, ಯಾವ ಕೆಸರಿನ ದಂಡೆಯಲ್ಲಿ,
ಇಂಥದೇ ಮೂರನೇ ದರ್ಜೆಯ ಫೈನಲ್ಲಿಗೆ
ಕೂಗಿ ಗಂಟಲು ಕಟ್ಟಿಸಿಕೊಂಡವನು
ಇದನ್ನು ಇಲ್ಲಿಯತನಕ ಹೊತ್ತು ತಂದನೋ.

ಎಂಬತ್ತೆಂಟನೆಯ ನಿಮಿಷ. ಜಾಲಹಳ್ಳಿಯವರು ಒಂದು, ನಮ್ಮವರು ಒಂದು.
(ನಮ್ಮವರು ಅನ್ನಬಾರದು ನಾನು.)
ಸುಣ್ಣದ ಗೆರೆ ಅಷ್ಟು ಹೊತ್ತಿಗೆ ಅರ್ಧ ಅಳಿಸಿ
ಉಳಿದರ್ಧ ನನ್ನ ಬೂಟಿನ ಮೇಲಿತ್ತು.
ಮಧ್ಯದಿಂದ ಚೆಂಡು ಎದ್ದಿತು.
ಸಗಾಯರಾಜ್ ಹೊರಟ.
ನಮ್ಮ ಬೀದಿಯ ಸಗಾಯ. ಹತ್ತೊಂಬತ್ತು ವಯಸ್ಸು,
ಬಲಗಾಲಿನ ಬೂಟು ತನ್ನದು, ಎಡಗಾಲಿನದು ಅಣ್ಣನದು.
ಅವನ ತಾಯಿ ಪುಷ್ಪಮೇರಿಯಮ್ಮನ ಒತ್ತುಶಾವಿಗೆ ತಿಂದೇ
ಹನ್ನೊಂದು ವರ್ಷ ನಾನು ಡಿಪೋಗೆ ಹೋಗಿದ್ದೇನೆ:
ಮೂರಕ್ಕೆ ದುಡ್ಡು,
ನಾಲ್ಕನೆಯದು ಎಲೆಯ ಅಂಚಿಗೆ, ಸುಮ್ಮನೆ.

ಒದ್ದ ಸದ್ದು ಕೇಳಿದ ಗಳಿಗೆಯಲ್ಲಿ
ನಾನು ನೋಡಿದ್ದು ಚೆಂಡನ್ನಲ್ಲ,
ಸಗಾಯನ ಮೊಣಕಾಲನ್ನು.
ಕೊನೆಯ ಡಿಫೆಂಡರನ್ನು ದಾಟಿ ಅದು ಒಂದು ಗೇಣು ಆಚೆ.
ಗೇಣೋ, ನಾಲ್ಕು ಬೆರಳೋ.
ಮಿಕ್ಕ ಹುಡುಗನೆಲ್ಲ ಈಚೆಗೇ ಇದ್ದ.

ಕೈ ನನ್ನನ್ನು ಕೇಳಲಿಲ್ಲ. ಎದ್ದಿತು.

ಅವನು ಒದ್ದ. ಬಲೆ ಉಬ್ಬಿತು.
ಮೈದಾನಕ್ಕೆ ಮೈದಾನವೇ ಎದ್ದು ಕುಣಿದು
ಆಮೇಲೆ ಒಬ್ಬೊಬ್ಬರೇ ನನ್ನ ಕಡೆ ತಿರುಗಿದರು.
'ಏಯ್, ಕೊಡಿಯ ಎರಕ್ಕುಡಾ!'
'ಇಳ್ಸೋ ಲೇ, ನೀನ್ ನಮ್ ಏರಿಯಾದವ್ನಲ್ವೇನೋ!'
ನೀರಿನ ಪ್ಯಾಕೆಟ್ಟೊಂದು ಕಿವಿಯ ಮೇಲೆ ಒಡೆಯಿತು.
ಬಾವುಟ ಎತ್ತುವುದು ಸುಲಭ.
ರೆಫರಿ ತಿರುಗಿ ನೋಡಿ ಸೀಟಿ ಊದುವ ತನಕ
ಎತ್ತಿದ್ದನ್ನು ಎತ್ತಿಕೊಂಡೇ ನಿಲ್ಲುವುದಿದೆಯಲ್ಲ,
ಮೂರು ಸೆಕೆಂಡು,
ಜಾಕ್ ಜಾರಿದ ಬಸ್ಸಿನಷ್ಟು ಭಾರ.

ಆಮೇಲೆ ಪೆನಾಲ್ಟಿ. ಬದನೆಕಾಯಿ ಜಾಲಹಳ್ಳಿಗೆ ಹೋಯಿತು.
ಸಗಾಯ ಹೊಡೆದದ್ದು ಮಾತ್ರ ಒಳಗೇ ಬಿತ್ತು,
ಅದನ್ನೂ ಹೇಳಬೇಕು.

ಯಾರದೋ ಮೊಬೈಲಿನಲ್ಲಿ ವಿಡಿಯೊ ಇದೆ.
ಇಡೀ ಏರಿಯಾ ನಿಲ್ಲಿಸಿ ನಿಲ್ಲಿಸಿ ನೋಡಿದೆ.
ಸರಿಯಾಗಿ ಆ ಗಳಿಗೆಗೆ
ಬೋಂಡ ಮಾರುವವನ ತಲೆ ಅಡ್ಡ ಬರುತ್ತದೆ.

ಸೋಮವಾರ, ಐದೂಮುಕ್ಕಾಲು.
ಬೇರೆ ಬೀದಿಯಿಂದ ಹೋಗಬಹುದಿತ್ತು.
ಹೋದೆ, ಅರ್ಧ ದಾರಿ. ತಿರುಗಿ ಬಂದೆ.
ಪುಷ್ಪಮೇರಿಯಮ್ಮ ಆವಿಯ ಹಿಂದಿದ್ದರು.
ತಲೆ ಎತ್ತಲಿಲ್ಲ. ಎಲೆ ಹಾಕಿದರು.
ಕಾಯಿತುರಿ, ಸಕ್ಕರೆ, ಎಂದಿನಂತೆ.
ಒಂದು. ಎರಡು. ಮೂರು.
ಕೈ ಅಲ್ಲೇ ನಿಂತಿತು.
ಲೆಕ್ಕ ಸರಿಯಾಗಿಯೇ ಇತ್ತು.

ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದ ಸಗಾಯ
ನೊರೆ ಉಗಿದು ಕೇಳಿದ: 'ಅಣ್ಣ, ಎಷ್ಟಿತ್ತು?'
ಬೆರಳು ಅಗಲಿಸಿ ಗೇಣು ತೋರಿಸಿದೆ.
ಅವನು ನೋಡುತ್ತಲೇ ಇದ್ದ.
ಹೆಬ್ಬೆರಳು ಮಡಿಸಿದೆ. ನಾಲ್ಕು.
ಬಗ್ಗಿ ತನ್ನ ಮೊಣಕಾಲನ್ನು ನೋಡಿಕೊಂಡ ಹುಡುಗ,
ಹೇಳದೆ ಹೊರಗೆ ಹೋಗಿಬಂದ ತಮ್ಮನನ್ನು
ನೋಡುವ ಹಾಗೆ.